ಸಮೀಕ್ಷೆಗೆ ‘ಪಕ್ಷಪಾತ’ ಇರುತ್ತದೆಯೇ? ‘ಬಯಾಸ್’ಗೆ ಕನ್ನಡ ಪದ ಬೇಕು

ಗೆಳೆಯರೇ,

ನಾಲ್ಕು ದಿನದಿಂದ ಒಂದೇ ಪದದ ಮುಂದೆ ನಿಂತುಬಿಟ್ಟಿದ್ದೇನೆ. ನಿಮ್ಮ ನೆರವು ಬೇಕು.

ವಿಶ್ವವಿದ್ಯಾಲಯವೊಂದರಲ್ಲಿ ರಾಜ್ಯಶಾಸ್ತ್ರದವರೂ ದತ್ತಾಂಶ ವಿಜ್ಞಾನದವರೂ ಸೇರಿ ಒಂದು ಸಂಶೋಧನಾ ಲ್ಯಾಬ್ ನಡೆಸುತ್ತಿದ್ದಾರೆ. ಚುನಾವಣೆಯ ಫಲಿತಾಂಶ, ಮತದಾರರ ಸಮೀಕ್ಷೆ, ಸದನದ ಭಾಷಣ, ಪಕ್ಷಗಳ ಪ್ರಣಾಳಿಕೆ ಇವೆಲ್ಲ ಅವರ ಸರಕು. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗಾಗಿ ಅವರು ಬರೆದ ಸಣ್ಣ ಕೈಪಿಡಿಯನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ವಾಕ್ಯ ಬಂತು. ಮೊದಲ ಸಲ ಅದನ್ನು ಹೀಗೆ ಬರೆದೆ: ‘ಸಮೀಕ್ಷೆಯಲ್ಲಿ ಪಕ್ಷಪಾತ ಇದೆಯೇ ನೋಡಿ, ಇದ್ದರೆ ಎಷ್ಟಿದೆ, ಯಾವ ಕಡೆಗೆ ಇದೆ ಎಂದು ಬರೆಯಿರಿ.’

ಮೂಲದಲ್ಲಿದ್ದ ಪದ ಬಯಾಸ್. ನಿಘಂಟು ತೆಗೆದರೆ ಪಕ್ಷಪಾತ, ಪೂರ್ವಗ್ರಹ ಅಂತ ಸಿಗುತ್ತದೆ. ಹಾಗಾಗಿ ಸುಮ್ನೆ ಪಕ್ಷಪಾತ ಅಂತ ಬರೆದು ಮುಂದೆ ಹೋಗಿದ್ದೆ. ಮತ್ತೆ ಓದಿದಾಗ ಗಾಬರಿಯಾಯಿತು. ಬೇರೆ ಯಾವ ವಿಷಯದಲ್ಲಾದರೂ ಇದು ಹೇಗೋ ನಡೆದೀತು. ಪಕ್ಷಗಳನ್ನೇ ಅಧ್ಯಯನ ಮಾಡುವ ಜಾಗದಲ್ಲಿ ‘ನಮ್ಮ ಕೆಲಸದಲ್ಲಿ ಶೇಕಡಾ 3ರಷ್ಟು ಪಕ್ಷಪಾತ ಇದೆ’ ಅಂದರೆ ಓದುವವರು ಏನಂದುಕೊಳ್ಳುತ್ತಾರೆ? ಇವರು ಯಾವುದೋ ಪಕ್ಷದ ಕಡೆಯವರು ಅಂತ ಅಲ್ವಾ?

ಪದವನ್ನು ಬಿಡಿಸಿ ನೋಡಿದರೆ ಪಾಪ, ಅದರ ತಪ್ಪೇನೂ ಇಲ್ಲ. ಪಕ್ಷ ಅಂದರೆ ರೆಕ್ಕೆ, ಮಗ್ಗುಲು, ಬದಿ. ಪಾತ ಅಂದರೆ ಬೀಳುವುದು. ಒಂದು ಬದಿಗೆ ಬೀಳುವುದೇ ಪಕ್ಷಪಾತ. ಇಂಗ್ಲಿಷಿನ ಬಯಾಸ್ ಕೂಡ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದಕ್ಕೆ ಓರೆ, ಸೊಟ್ಟ ಅನ್ನುವ ಅರ್ಥ. ಬೌಲ್ಸ್ ಅನ್ನುವ ಆಟದಲ್ಲಿ ನೇರವಾಗಿ ಉರುಳಿಸಿದರೂ ಒಂದು ಕಡೆಗೆ ತಿರುಗುವ ಚೆಂಡಿನ ಗುಣಕ್ಕೂ ಅದೇ ಹೆಸರು. ಮೂಲದಲ್ಲಿ ಎರಡೂ ಪದ ಅಕ್ಕಪಕ್ಕದಲ್ಲೇ ಇವೆ. ಆದರೆ ಬಳಕೆ ಅವನ್ನು ದೂರ ಮಾಡಿದೆ. ಕನ್ನಡದಲ್ಲಿ ಇವತ್ತು ಪಕ್ಷಪಾತ ಅಂದರೆ ಆರೋಪ. ‘ಅವರು ಪಕ್ಷಪಾತ ಮಾಡಿದರು’ ಅನ್ನುತ್ತೇವೆ. ಮಾಡಿದವರೊಬ್ಬರು ಇರಬೇಕು, ಅವರಿಗೆ ಅದು ಗೊತ್ತಿರಬೇಕು. ಎಣಿಕೆಯ ಕೆಲಸದಲ್ಲಿ ಬಯಾಸ್‌ಗೆ ಮಾಡಿದವರೇ ಇರಬೇಕಾಗಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ. ನಮ್ಮ ಪದಕ್ಕೆ ಅದು ಸರಿಯಾಗಿ ಹೊಂದುತ್ತದೆ, ಅದಕ್ಕೇ ಹೇಳುತ್ತೇನೆ. ಲಿಟರರಿ ಡೈಜೆಸ್ಟ್ ಅನ್ನುವ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಚೀಟಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಚುನಾವಣೆಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸುಮಾರು ಶೇಕಡಾ 61 ಮತ ಪಡೆದರು. 48 ರಾಜ್ಯಗಳಲ್ಲಿ 46 ಅವರ ಪಾಲಾದವು. ಸುಮಾರು 50 ಸಾವಿರ ಜನರನ್ನಷ್ಟೇ ಕೇಳಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಪತ್ರಿಕೆಯವರು ಲ್ಯಾಂಡನ್ ಕಡೆಯವರಾಗಿದ್ದರೇ? ಹಾಗೇನಿಲ್ಲ. ಇದೇ ಪತ್ರಿಕೆ 1932ರಲ್ಲಿ ರೂಸ್‌ವೆಲ್ಟ್ ಗೆಲ್ಲುತ್ತಾರೆ ಎಂದು ಹೇಳಿ ಸರಿಯಾಗಿತ್ತು. 1936ರಲ್ಲಿ ವಿಳಾಸಗಳನ್ನು ಟೆಲಿಫೋನ್ ಪುಸ್ತಕ, ಕಾರು ನೋಂದಣಿ ಪಟ್ಟಿಗಳಿಂದ ತೆಗೆದುಕೊಂಡಿದ್ದರು. ಆ ಬಡತನದ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಅದಲ್ಲದೆ, ಚೀಟಿ ಸಿಕ್ಕಿದರೂ ಉತ್ತರ ಬರೆಯದವರಲ್ಲಿ ರೂಸ್‌ವೆಲ್ಟ್ ಬೆಂಬಲಿಗರೇ ಜಾಸ್ತಿ ಇದ್ದರು ಎಂಬುದು ಮುಂದೆ ಗೊತ್ತಾಯಿತು. ಯಾರೂ ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೂ ಲೆಕ್ಕ ಪೂರ್ತಿ ಒಂದು ಕಡೆಗೆ ಹೋಯಿತು. ಇದನ್ನು ಕನ್ನಡದಲ್ಲಿ ‘ಪತ್ರಿಕೆಯ ಪಕ್ಷಪಾತ’ ಅಂದರೆ ಸುಳ್ಳು ಹೇಳಿದಂತಾಗುತ್ತದೆ.

ಪೂರ್ವಗ್ರಹವೂ ಆಗುವುದಿಲ್ಲ. ಅದು ಮನಸ್ಸಿನಲ್ಲಿ ಕೂರುವ ವಸ್ತು. ವಿಳಾಸದ ಪಟ್ಟಿಗೆ ಮನಸ್ಸಿಲ್ಲ. ಒಲವು ಅನ್ನೋಣವೇ ಎಂದು ಒಬ್ಬರು ಕೇಳಿದರು. ಅದರಲ್ಲಿ ಪ್ರೀತಿ ಇದೆ. ದೋಷ ಅಂದರೆ ಎಲ್ಲ ಬಗೆಯ ತಪ್ಪೂ ಒಂದೇ ಚೀಲಕ್ಕೆ ಬೀಳುತ್ತದೆ. ಈ ಲ್ಯಾಬಿನವರಿಗೆ ಬೇಕಾಗಿರುವುದೇ ತಪ್ಪುಗಳನ್ನು ಬೇರೆ ಬೇರೆ ಇಡುವುದು.

ಅದನ್ನು ನಾನು ಅರ್ಥ ಮಾಡಿಕೊಂಡದ್ದು ತಕ್ಕಡಿಯಿಂದ. ಗಾಳಿಗೆ ಅಲುಗಾಡುವ ತಕ್ಕಡಿ ಒಂದು ಸಲ ಹೆಚ್ಚು ತೋರಿಸುತ್ತದೆ, ಇನ್ನೊಂದು ಸಲ ಕಡಿಮೆ. ನೂರು ಸಲ ತೂಗಿ ಸರಾಸರಿ ತೆಗೆದರೆ ಸರಿಯಾದ ತೂಕಕ್ಕೆ ಹತ್ತಿರ ಬರುತ್ತದೆ. ಇನ್ನೊಂದು ತಕ್ಕಡಿಯಲ್ಲಿ ಒಂದು ತಟ್ಟೆಯೇ ಭಾರ. ಅದರಲ್ಲಿ ನೂರು ಸಲ ತೂಗಿದರೂ ನೂರು ಸಲವೂ ಅದೇ ತಪ್ಪು. ಮೊದಲನೆಯದಕ್ಕೆ ‘ಏರುಪೇರು’ ಅನ್ನುವ ಚೆಂದದ ಪದ ನಮ್ಮಲ್ಲಿ ಇದ್ದೇ ಇದೆ. ಸಾವಿರ ಜನರನ್ನು ಚೀಟಿ ಎತ್ತಿದಂತೆ ಆರಿಸಿ ಕೇಳಿದರೆ ಏರುಪೇರು ಎರಡೂ ಕಡೆ ಸುಮಾರು ಶೇಕಡಾ 3. ನಾಲ್ಕು ಸಾವಿರ ಜನರನ್ನು ಕೇಳಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಎರಡನೆಯ ತಕ್ಕಡಿಯ ಕಥೆ ಹಾಗಲ್ಲ. ಜನ ಹೆಚ್ಚಿದಷ್ಟೂ ಆ ತಪ್ಪಿನ ಮೇಲೆ ನಮಗೆ ನಂಬಿಕೆ ಹೆಚ್ಚುತ್ತದೆ, ಅಷ್ಟೇ. 23 ಲಕ್ಷ ಉತ್ತರ ಸೋತು 50 ಸಾವಿರ ಗೆದ್ದದ್ದು ಹೀಗೆ. ನಾನು ಹುಡುಕುತ್ತಿರುವುದು ಈ ಎರಡನೆಯ ತಕ್ಕಡಿಯ ಗುಣಕ್ಕೆ ಹೆಸರು.

ಎರಡು ಪದ ಉಳಿದಿವೆ. ಒಂದು ‘ವಾಲಿಕೆ’. ಗೋಡೆ ವಾಲುತ್ತದೆ, ಮರ ವಾಲುತ್ತದೆ, ಯಾರನ್ನೂ ದೂರುವುದಿಲ್ಲ. ಎಷ್ಟು ವಾಲಿದೆ, ಯಾವ ಕಡೆಗೆ ವಾಲಿದೆ ಎಂದು ಕೇಳಬಹುದು. ಇದನ್ನೇ ಇಡೋಣ ಅನ್ನುವಷ್ಟರಲ್ಲಿ ತೊಡಕು ಕಂಡಿತು. ‘ಮತದಾರರು ಇತ್ತ ವಾಲಿದ್ದಾರೆ’, ‘ಎಡಕ್ಕೆ ವಾಲಿದ ಪಕ್ಷ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಲ್ಯಾಬಿನವರು ಅಳೆಯಲು ಹೊರಟದ್ದೇ ಆ ವಾಲಿಕೆಯನ್ನು. ಅಳೆಯುವ ಕೋಲಿನ ತಪ್ಪಿಗೂ ಅದೇ ಹೆಸರಿಟ್ಟರೆ ವಿದ್ಯಾರ್ಥಿ ಎಡವುತ್ತಾನೆ. ಇನ್ನೊಂದು ‘ಓರೆ’. ಓರೆಯಾಗಿದೆ, ಓರೆ ತಿದ್ದು, ಓರೆಯ ಅಳತೆ ಎಂದು ಎಲ್ಲ ಕಡೆಗೂ ಬಾಗುತ್ತದೆ. ‘ಬರಹದ ಓರೆಕೋರೆ ತಿದ್ದಿಕೊಡಿ’ ಎಂದು ಕೇಳುವಾಗ ತಪ್ಪು ಇದೆ ಅನ್ನುತ್ತೇವೆ, ಆದರೆ ಬರೆದವರನ್ನು ಬಯ್ಯುವುದಿಲ್ಲ. ನನಗೆ ಬೇಕಾದ ದನಿ ಅದೇ. ಯಾರಾದರೂ ತಮಗೆ ಬೇಕಾದ ಉತ್ತರ ಬರುವಂತೆ ಪ್ರಶ್ನೆಯನ್ನೇ ತಿರುಚಿದರೆ, ಅಲ್ಲಿ ಧಾರಾಳವಾಗಿ ಪಕ್ಷಪಾತ ಅನ್ನಿ. ಆ ಪದ ಅದಕ್ಕೇ ಉಳಿಯಲಿ.

ಈ ಹುಡುಕಾಟದಲ್ಲಿ ಲ್ಯಾಬಿನ ಹೆಸರೂ ಕಾಡಿತು. ಅಮೆರಿಕದ ಎಂಐಟಿಯಲ್ಲಿ ‘ಎಲೆಕ್ಷನ್ ಡೇಟಾ ಅಂಡ್ ಸೈನ್ಸ್ ಲ್ಯಾಬ್’ ಇದೆ. ಇಂಗ್ಲಿಷಿನವರಿಗೆ ಲ್ಯಾಬ್ ಅನ್ನುವುದು ಸಲೀಸು, ಯಾಕೆಂದರೆ ಅದರ ಬೇರಿನಲ್ಲಿ ಇರುವುದು ಲ್ಯಾಟಿನ್ನಿನ ದುಡಿಮೆ. ಕೆಲಸ ಮಾಡುವ ಜಾಗ, ಅಷ್ಟೇ. ನಾವು ಪ್ರಯೋಗಾಲಯ ಅಂದುಕೊಂಡೆವು. ಇನ್ನು ‘ರಾಜಕೀಯ ಪ್ರಯೋಗಶಾಲೆ’ ಅನ್ನುವುದಕ್ಕೆ ಸುದ್ದಿ ಭಾಷೆಯಲ್ಲಿ ಬೇರೆಯೇ ಅರ್ಥ ಬಂದಿದೆ: ಪಕ್ಷಗಳು ಹೊಸ ತಂತ್ರ ಹೂಡಿ ನೋಡುವ ಊರು ಅಥವಾ ರಾಜ್ಯ. ‘ರಾಜಕೀಯ ಲೆಕ್ಕಾಚಾರ’ವಂತೂ ಕೈಗೇ ಸಿಗುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಪೆಟ್ಟಿ 17ನೇ ಶತಮಾನದಲ್ಲಿ ಈ ಬಗೆಯ ಕೆಲಸಕ್ಕೆ ಇಟ್ಟ ಹೆಸರು ಪೊಲಿಟಿಕಲ್ ಅರಿತ್‌ಮೆಟಿಕ್, ಅಂದರೆ ರಾಜಕೀಯ ಲೆಕ್ಕವೇ. ಆದರೆ ಕನ್ನಡದಲ್ಲಿ ಹಾಗಂದರೆ ಸೀಟು ಹಂಚಿಕೆಯ ಒಳಸುಳಿ ನೆನಪಾಗುತ್ತದೆ.

ಮತದಾರರ ಮೇಲೆ ಯಾರು ಪ್ರಯೋಗ ಮಾಡುತ್ತಾರೆ, ಆ ಪದವೇ ಬೇಡ ಎಂದು ಮೊದಲು ನನಗೆ ಅನಿಸಿತ್ತು. ಅದು ನನ್ನ ತಪ್ಪು ತಿಳಿವಳಿಕೆ. 1998ರಲ್ಲಿ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಸುಮಾರು 30 ಸಾವಿರ ಮತದಾರರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. ಕೆಲವರ ಮನೆಬಾಗಿಲಿಗೆ ಹೋಗಿ ಮತ ಹಾಕಿ ಎಂದು ಕೇಳಿಸಿದರು, ಕೆಲವರಿಗೆ ಕಾಗದ, ಕೆಲವರಿಗೆ ಫೋನು, ಇನ್ನು ಕೆಲವರಿಗೆ ಏನೂ ಇಲ್ಲ. ಬಾಗಿಲಿಗೆ ಬಂದು ಕೇಳಿದ್ದು ಎದ್ದು ಕಾಣುವಂತೆ ಕೆಲಸ ಮಾಡಿತು, ಫೋನು ಮಾಡಲಿಲ್ಲ. ಇದು ಅಪ್ಪಟ ಪ್ರಯೋಗ. ಹಾಗಾಗಿ ಪ್ರಯೋಗಾಲಯ ಇರಲಿ. ಮುಂದೆ ‘ರಾಜಕೀಯ’ ಬೇಡ, ‘ರಾಜ್ಯಶಾಸ್ತ್ರ’ ಇರಲಿ.

ರಾಜ್ಯಶಾಸ್ತ್ರ ಅನ್ನುವ ಪದದ ಮೇಲೆ ನನಗೆ ಈಗ ಹೊಸ ಪ್ರೀತಿ ಹುಟ್ಟಿದೆ. ಸ್ಟ್ಯಾಟಿಸ್ಟಿಕ್ಸ್ ಅನ್ನುವ ಪದ ಜರ್ಮನಿಯಿಂದ ಹೊರಟದ್ದು. 18ನೇ ಶತಮಾನದ ನಡುವಿನಲ್ಲಿ ಗಾಟ್‌ಫ್ರೀಡ್ ಆಕೆನ್‌ವಾಲ್ ಅದನ್ನು ಬಳಕೆಗೆ ತಂದಾಗ ಅದರಲ್ಲಿ ಅಂಕಿಗಳೇ ಮುಖ್ಯ ಆಗಿರಲಿಲ್ಲ. ಒಂದು ರಾಜ್ಯದ ಜನ, ಭೂಮಿ, ಆಡಳಿತ ಹೇಗಿದೆ ಎಂಬ ತಿಳಿವಳಿಕೆ ಅದು. ಅಂದರೆ ಅಕ್ಷರಶಃ ರಾಜ್ಯದ ಶಾಸ್ತ್ರ. 1790ರ ದಶಕದಲ್ಲಿ ಜಾನ್ ಸಿಂಕ್ಲೇರ್ ಸ್ಕಾಟ್ಲೆಂಡಿನ ವಿವರ ಕಲೆಹಾಕುವಾಗ ಅದನ್ನು ಇಂಗ್ಲಿಷಿಗೆ ತಂದರು. ಅಂಕಿ ಜಾಸ್ತಿ ಆಗುತ್ತಾ ಹೋಗಿ ರಾಜ್ಯ ಮರೆಯಾಯಿತು. ಈಗ ಎರಡು ವಿಭಾಗದವರು ಒಂದೇ ಕೋಣೆಯಲ್ಲಿ ಕೂತಿರುವುದು ಹೊಸ ನಂಟೇನಲ್ಲ. ನಮ್ಮದೇ ‘ಎಣಿಸು’ ಕೂಡ ಹಾಗೆ. ಮತ ಎಣಿಸುತ್ತೇವೆ, ‘ಹೀಗಾಗುತ್ತದೆ ಎಂದು ಎಣಿಸಿರಲಿಲ್ಲ’ ಅಂತಲೂ ಅನ್ನುತ್ತೇವೆ. ಲೆಕ್ಕ ಮಾಡುವುದೂ ಯೋಚನೆ ಮಾಡುವುದೂ ಒಂದೇ ಕ್ರಿಯಾಪದದಲ್ಲಿ ಇವೆ.

ಡೇಟಾಗೆ ದತ್ತಾಂಶವೇ ಸರಿ ಅಂತ ನನ್ನ ಅಭಿಪ್ರಾಯ. ಡೇಟಾ ಅಂತಲೇ ಬರೆದರೆ ‘ಡೇಟಾ ಖಾಲಿ’ ಅನ್ನುವ ಫೋನಿನ ಮಾತು ನೆನಪಾಗುತ್ತದೆ. ಅಂಕಿ ಅಂಶ ಅಂದರೆ ಸಾಲದು, ಏಕೆಂದರೆ ಇವರು ಮಾತನ್ನೂ ಎಣಿಸುತ್ತಾರೆ. ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ 18ನೇ ಶತಮಾನದಲ್ಲಿ ಬಂದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ಹನ್ನೆರಡನ್ನು ಬರೆದವರು ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ಜಗಳವಿತ್ತು. ಫ್ರೆಡರಿಕ್ ಮೋಸ್ಟೆಲ್ಲರ್ ಮತ್ತು ಡೇವಿಡ್ ವಾಲೇಸ್ 1964ರಲ್ಲಿ ಸಣ್ಣ ಸಣ್ಣ ಪದಗಳನ್ನು ಎಣಿಸಿ ಮ್ಯಾಡಿಸನ್ ಅಂದರು. ಹ್ಯಾಮಿಲ್ಟನ್ ಇಂಗ್ಲಿಷಿನ ‘ಅಪಾನ್’ (ಮೇಲೆ) ಅನ್ನುವ ಪದವನ್ನು ಸಾವಿರ ಪದಕ್ಕೆ ಸುಮಾರು ಮೂರು ಸಲ ಬಳಸುತ್ತಿದ್ದರು, ಮ್ಯಾಡಿಸನ್ ಅಪರೂಪಕ್ಕೆ. ಪದದ ಮೇಲೆ ಪ್ರೀತಿ ಇರುವ ನಮಗೆ ಇದಕ್ಕಿಂತ ಖುಷಿಯ ಸುದ್ದಿ ಬೇಕೇ!

ಇನ್ನೊಂದು ದೊಡ್ಡ ತಲೆನೋವು ‘ಮಾದರಿ’. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಅದು ಸ್ಯಾಂಪಲ್. ಮಾದರಿ ನೀತಿ ಸಂಹಿತೆಯಲ್ಲಿ ಮೇಲ್ಪಂಕ್ತಿ. ‘ಗಣಿತದ ಮಾದರಿ’ ಅಂದಾಗ ಮಾಡೆಲ್. ಕೈಪಿಡಿಯ ಒಂದು ವಾಕ್ಯ ನನ್ನ ಕೈಯಲ್ಲಿ ‘ಮಾದರಿಯಿಂದ ಮಾದರಿ ಕಟ್ಟಿ’ ಎಂದಾಗಿತ್ತು. ನಮೂನೆ ಬಳಸೋಣ ಅಂದರೆ ಅದು ಅರ್ಜಿ ಫಾರಮಿಗೆ ಹೋಗಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ತುಂಬುವುದೇ ನಮೂನೆ 6. ಸ್ಯಾಂಪಲ್‌ಗೆ ಮಾದರಿಯನ್ನೇ ಬಿಟ್ಟು, ಮಾಡೆಲ್ ಅನ್ನು ಮಾಡೆಲ್ ಅಂತಲೇ ಬರೆದಿದ್ದೇನೆ. ತೃಪ್ತಿ ಇಲ್ಲ.

ಡೇಟಾ ಕ್ಲೀನಿಂಗ್‌ಗೆ ಜರಡಿ ಹಿಡಿಯುವುದು ಅಂತ ಬರೆದು ಹೊಡೆದುಹಾಕಿದೆ. ಜರಡಿ ಬೇಡದ್ದನ್ನು ಬೇರೆ ಮಾಡುತ್ತದೆ. ಇಲ್ಲಿ ಹೆಚ್ಚಿನ ಕೆಲಸ ಅದಲ್ಲ. ಒಬ್ಬರೇ ಅಭ್ಯರ್ಥಿಯ ಹೆಸರು ಒಂದು ಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಅವನ್ನೆಲ್ಲ ಒಂದು ಮಾಡಬೇಕು. ‘ಹಸನು ಮಾಡು’ ಅಂತ ಇಟ್ಟಿದ್ದೇನೆ. ಹೊಲ ಹಸನು ಮಾಡುವಾಗಲೂ ಮುಂದಿನ ಕೆಲಸಕ್ಕೆ ಅಣಿ ಮಾಡುವ ಅರ್ಥವೇ ಇದೆ.

ಕಡೆಯದು ‘ಇಕಲಾಜಿಕಲ್ ಫ್ಯಾಲಸಿ’. ಇದನ್ನು ‘ಪರಿಸರ ದೋಷ’ ಅಂದರೆ ಯಾರಿಗಾದರೂ ಹೊಗೆ, ಕೊಳಚೆ ನೆನಪಾಗುತ್ತದೆ. ವಿಷಯ ಇಷ್ಟು: ಅಮೆರಿಕದ 1930ರ ಜನಗಣತಿಯಲ್ಲಿ ವಲಸಿಗರು ಹೆಚ್ಚಿರುವ ರಾಜ್ಯಗಳಲ್ಲಿ ಓದುಬರಹ ಬಲ್ಲವರೂ ಹೆಚ್ಚು. ಹಾಗಂತ ವಲಸಿಗರಿಗೆ ಓದುಬರಹ ಹೆಚ್ಚು ಗೊತ್ತಿತ್ತು ಎಂದಲ್ಲ, ಅವರಿಗೆ ಕಡಿಮೆಯೇ ಗೊತ್ತಿತ್ತು. ಓದುಬರಹ ಹೆಚ್ಚಿದ್ದ ರಾಜ್ಯಗಳಿಗೆ ಅವರು ಹೋಗಿ ನೆಲೆಸಿದ್ದರು. ವಿಲಿಯಂ ರಾಬಿನ್ಸನ್ 1950ರಲ್ಲಿ ಇದನ್ನು ತೋರಿಸಿದರು. ಮತ ಗುಟ್ಟಿನದಾದ್ದರಿಂದ ಚುನಾವಣೆಯ ಫಲಿತಾಂಶದಲ್ಲಿ ಈ ಲ್ಯಾಬಿನವರಿಗೆ ಸಿಗುವುದು ಮತಗಟ್ಟೆಯ ಒಟ್ಟು ಲೆಕ್ಕ ಮಾತ್ರ, ಹಾಗಾಗಿ ಈ ಗುಂಡಿಗೆ ಬೀಳುವುದು ಬಹಳ ಸುಲಭ. ‘ಗುಂಪಿನ ಗುಣವನ್ನು ಒಬ್ಬರ ತಲೆಗೆ ಕಟ್ಟುವ ತಪ್ಪು’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥವಾಗುತ್ತದೆ. ಚಿಕ್ಕ ಪದ ಹೊಳೆದರೆ ತಿಳಿಸಿ.

ಮೊದಲಿನ ವಾಕ್ಯ ಈಗ ಹೀಗಿದೆ: ‘ಸಮೀಕ್ಷೆ ಓರೆಯಾಗಿದೆಯೇ ನೋಡಿ, ಆಗಿದ್ದರೆ ಓರೆ ಎಷ್ಟು, ಯಾವ ಕಡೆಗೆ ಎಂದು ಬರೆಯಿರಿ. ಜನ ಎಷ್ಟೇ ಹೆಚ್ಚಿದರೂ ಓರೆ ತಾನಾಗಿ ಹೋಗುವುದಿಲ್ಲ, ಏರುಪೇರು ಮಾತ್ರ ಕಡಿಮೆಯಾಗುತ್ತದೆ.’ ಇದನ್ನು ರಾಜ್ಯಶಾಸ್ತ್ರವನ್ನೂ ಸಂಖ್ಯಾಶಾಸ್ತ್ರವನ್ನೂ ಓದದ ಒಬ್ಬರಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಬರೆದು ಕಳಿಸುತ್ತೀರಾ?