ಹಿಮಾಲಯದ ದೈತ್ಯ ಲಿಲಿ ಮೈಸೂರಲ್ಲಿ ಹೂ ಬಿಡುತ್ತಾ?

ಕೈತೋಟ_ಕುವೆಂಪುನಗರ
ಕಾಲಿಂಪಾಂಗ್‌ನಿಂದ ಹಿಮಾಲಯದ ದೈತ್ಯ ಲಿಲಿಯ (ಕಾರ್ಡಿಯೋಕ್ರೈನಮ್ ಜೈಗ್ಯಾಂಟಿಯಮ್) ಗೆಡ್ಡೆ ಎರಡು ಬಂದಿವೆ, ಒಂದೊಂದೂ ಮುಷ್ಟಿಗಾತ್ರ. ಮನೆಯ ಪೂರ್ವದ ಕಾಂಪೌಂಡ್ ಬದಿ, ಮಾವಿನ ನೆರಳು, ಬೆಳಗ್ಗೆ ಎರಡು ಗಂಟೆ ಬಿಸಿಲು. ಕೆಮ್ಮಣ್ಣು, ಬೋರ್‌ವೆಲ್ ನೀರು. ನೆಲಕ್ಕೆ ಹಾಕಲಾ, ಕುಂಡಕ್ಕಾ? ಎಷ್ಟು ಆಳ? ಆ ಗೋಡೆಗೆ ಆಳೆತ್ತರದ, ಬಿಳಿ, ಘಮ್ಮೆನ್ನುವ ಹೂ ಬೇಕು.

ಗೆಡ್ಡೆಗಿಡ
ನೇರವಾಗಿ ಹೇಳಿಬಿಡ್ತೀನಿ, ಮೈಸೂರಲ್ಲಿ ಇದು ಹೂವಿನ ತನಕ ಬರಲ್ಲ. ತಂಪು, ತೇವ ಇರೋ ಹಿಮಾಲಯದ ಕಾಡಲ್ಲಿ 6ರಿಂದ 10 ಅಡಿ ಹೋಗುತ್ತೆ. ಚಳಿಗಾಲದಲ್ಲಿ ಎಲೆ ಒಣಗಿಸಿ ಗೆಡ್ಡೆ ಮಲಗಬೇಕು. ನಮ್ಮೂರು ಸುಮಾರು 770 ಮೀಟರ್ ಎತ್ತರ, ಆ ಚಳಿ ಇಲ್ಲಿಲ್ಲ. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟಿದಾಗ ಬೇರು ಸೊರಗುತ್ತೆ, ಮೊದಲ ಜೋರು ಮಳೆಗೆ ಬುಡ ಕೊಳೆಯುತ್ತೆ. ಎಲೆ ಹಳದಿಯಾದ ಕೂಡಲೇ ಮಣ್ಣು ಸರಿಸಿ ಗೆಡ್ಡೆಯ ತಳ ಒತ್ತಿ ನೋಡಿ. ಬೆರಳು ಇಳಿದು ಕೆಟ್ಟ ವಾಸನೆ ಬಂದರೆ ಮುಗೀತು.

ಬೀಜ ಹಾಕಿದರೆ ಹೂವಿಗೆ 5–7 ವರ್ಷ. ಗೊನೆ ಹಾಕಿದ ಬಾಳೆಯ ಥರ, ಹೂ ಬಿಟ್ಟ ಗೆಡ್ಡೆ ಅಲ್ಲಿಗೇ ಸಾಯುತ್ತೆ, ಪಕ್ಕದ ಮರಿಗಳು ಉಳಿಯುತ್ತವೆ. ಊಟಿಯಲ್ಲಿ ಗುರುತಿನವರಿದ್ದರೆ ಕೊಟ್ಟುಬಿಡಿ. ನೆಡುವಾಗ ಗೆಡ್ಡೆಯ ತುದಿ ಮಣ್ಣಿನ ಮಟ್ಟಕ್ಕೇ ಇರಲಿ ಅಂತ ಹೇಳಿ. ಬೇರೆ ಲಿಲಿಗಳ ಹಾಗೆ ಆಳಕ್ಕೆ ಹೂಳಬಾರದು.

ಕೈತೋಟ_ಕುವೆಂಪುನಗರ
ಸರಿ, ಕಳಿಸಿಬಿಡ್ತೀನಿ. ಆ ಗೋಡೆಗೆ ಏನು ಹಾಕಲಿ ಹಾಗಾದ್ರೆ?

ಮಂಡ್ಯ_ಹೂದೋಟ
ಸುರುಳಿ ಸುಗಂಧಿ, ಬೇರೆ ಯೋಚನೆಯೇ ಬೇಡ. ಲಿಲಿ ಅಲ್ಲ, ಶುಂಠಿಯ ಜಾತಿ, ಆದರೆ ನೀವು ಕೇಳಿದ್ದೆಲ್ಲ ಇದರಲ್ಲಿದೆ: 4–6 ಅಡಿ, ಅಚ್ಚ ಬಿಳಿ, ಸಂಜೆಯಾದರೆ ಅಂಗಳವೆಲ್ಲ ಘಮ. ಎರಡು ಮೂರು ಕಣ್ಣಿರುವ ಗೆಡ್ಡೆಯ ತುಂಡನ್ನು ಜೂನ್ ಮಳೆ ಹಿಡಿದ ಮೇಲೆ 2 ಇಂಚು ಆಳಕ್ಕೆ ಮಲಗಿಸಿ ಹಾಕಿ, ನಡುವೆ 2 ಅಡಿ ಬಿಡಿ. ಗುಂಡಿಗೊಂದು ಬಾಂಡ್ಲಿ ಕೊಟ್ಟಿಗೆ ಗೊಬ್ಬರ. ಮಾವಿನ ಬೇರು ನೀರೆಲ್ಲ ಎಳೆದುಕೊಳ್ಳುತ್ತೆ, ಕಾಂಡದ ಹತ್ತಿರ ಬೇಡ. ನೀರು ಕಡಿಮೆಯಾದರೆ ಎಲೆಯಂಚು ಸುಟ್ಟ ಹಾಗೆ ಕಂದಾಗುತ್ತೆ, ಬುಡಕ್ಕೆ ಒಣಗಿದ ಕಬ್ಬಿನ ತರಗು ಹೊದಿಸಿ. ಒಂದು ಕಡ್ಡಿ ಒಂದೇ ಸಲ ಹೂ ಬಿಡೋದು, ಮುಗಿದದ್ದನ್ನು ಬುಡಕ್ಕೇ ಕತ್ತರಿಸಿ. ಹೆಚ್ಚಾದ ಗೆಡ್ಡೆಯನ್ನು ನಾಲೆ ದಡಕ್ಕೆ ಎಸೀಬೇಡಿ, ಅಲ್ಲೇ ಹಬ್ಬಿಬಿಡುತ್ತೆ.

ಗೆಡ್ಡೆಗಿಡ
ಒಪ್ಪಿದೆ. ನಿಜವಾದ ಲಿಲಿಯೂ ಬೇಕು ಅನಿಸಿದರೆ ಲಾಂಗಿಫ್ಲೋರಮ್ (ಈಸ್ಟರ್ ಲಿಲಿ) ಗೆಡ್ಡೆ ತನ್ನಿ, ಎತ್ತರ ಮಾತ್ರ 3 ಅಡಿ ಆಸುಪಾಸು. ಶೀತಲೀಕರಿಸಿದ್ದೇ ಕೇಳಿ. ಇಲ್ಲದಿದ್ದರೆ ನೆನೆಸಿ ಹಿಂಡಿದ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಇಟ್ಟು ಫ್ರಿಜ್‌ನಲ್ಲಿ 4–5 ಡಿಗ್ರಿಗೆ 6 ವಾರ ಇಡಿ, ಸೇಬು ಬಾಳೆಹಣ್ಣಿನ ಪಕ್ಕ ಬೇಡ, ಅವುಗಳ ಅನಿಲಕ್ಕೆ ಮೊಗ್ಗು ಹಾಳಾಗುತ್ತೆ. ಅಕ್ಟೋಬರ್ ಕೊನೆಗೆ 12 ಇಂಚಿನ ಕುಂಡದಲ್ಲಿ, ಗೆಡ್ಡೆಯ ಮೇಲೆ 4–5 ಇಂಚು ಮಣ್ಣು ಬರುವ ಹಾಗೆ ಹಾಕಿ. ಗೆಡ್ಡೆಯ ಮೇಲ್ಭಾಗದ ಕಾಂಡದಿಂದಲೂ ಬೇರು ಬರುತ್ತೆ, ಮೇಲೆಮೇಲೆ ನೆಟ್ಟರೆ ಗಿಡ ವಾಲುತ್ತೆ. ಕೆಮ್ಮಣ್ಣು, ದಪ್ಪ ಮರಳು, ಎರೆಗೊಬ್ಬರ ಸಮಸಮ.

ಬೋರ್ ನೀರು ಗಡಸಾಗಿದ್ದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತೆ. ಅದು ಕಬ್ಬಿಣದ ಕೊರತೆ, ಯೂರಿಯಾ ಸುರಿದರೆ ಹೋಗಲ್ಲ. ಮಳೆನೀರು ಇಲ್ಲವೇ ಕಾವೇರಿ ನೀರು ಕೊಡಿ.

ಮನೇಲಿ ಬೆಕ್ಕಿದ್ದರೆ ಲಿಲಿ ತರಲೇಬೇಡಿ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತೆ.

ಕೈತೋಟ_ಕುವೆಂಪುನಗರ
ಬೆಕ್ಕಿದೆ. ಸುರುಳಿ ಸುಗಂಧಿಯೇ ಹಾಕ್ತೀನಿ.