ಕುಶಾಲನಗರದಲ್ಲಿ ಹಳೇ ಏಸಿ: ರಿಪೇರಿಗೆ 14 ಸಾವಿರ ಹಾಕುವುದಾ, ಹೊಸದಕ್ಕೆ 56 ಸಾವಿರ ಕೊಡುವುದಾ?

ಕುಶಾಲನಗರದ ಮನೆ

ಎಲ್ಲರಿಗೂ ನಮಸ್ಕಾರ. ಏಸಿ ಬಗ್ಗೆ ಗೊತ್ತಿರುವವರು ದಯವಿಟ್ಟು ಸ್ವಲ್ಪ ದಾರಿ ಹೇಳಿ. ನಮ್ಮದು ಆರ್‌ಸಿಸಿ ಮನೆ, ಮೇಲಿನ ಮಹಡಿಯ ರೂಮಿನಲ್ಲಿ 2012ರಲ್ಲಿ ಹಾಕಿಸಿದ ಒಂದೂವರೆ ಟನ್ (ತಂಪು ಮಾಡುವ ಶಕ್ತಿಯ ಅಳತೆ) ಸ್ಪ್ಲಿಟ್ ಏಸಿ ಇದೆ. 2 ಸ್ಟಾರ್, ಇನ್ವರ್ಟರ್ ಅಲ್ಲ, ಅಂದರೆ ಗ್ಯಾಸ್ ಒತ್ತುವ ಕಂಪ್ರೆಸರಿನ ವೇಗವನ್ನು ಬೇಕಾದಷ್ಟಕ್ಕೆ ಇಳಿಸುವ ಬಗೆಯದಲ್ಲ. ರೂಮು 10 ಅಡಿಗೆ 12 ಅಡಿ. ಹೋದ ವರ್ಷ ಗ್ಯಾಸ್ ತುಂಬಿಸಿದ್ದೆವು, ಈ ಸಲ ಫೆಬ್ರವರಿಯಲ್ಲಿ ಆನ್ ಮಾಡಿದರೆ ಬರೀ ಗಾಳಿ ಬರುತ್ತಿದೆ, ತಂಪೇ ಇಲ್ಲ. ಮೆಕ್ಯಾನಿಕ್ ಬಂದು ನೋಡಿ, ಒಳಗಿನ ಕಾಯಿಲ್ (ಗ್ಯಾಸ್ ಹರಿದು ಗಾಳಿ ತಣ್ಣಗೆ ಮಾಡುವ ಕೊಳವೆ ಸುರುಳಿ) ಲೀಕ್, ಕಾಯಿಲ್ ಬದಲಿಸಿ ಗ್ಯಾಸ್ ತುಂಬಲು ಎಲ್ಲಾ ಸೇರಿ 14 ಸಾವಿರ ಆಗುತ್ತದೆ ಅಂದರು. ಅಂಗಡಿಯಲ್ಲಿ ಕೇಳಿದರೆ ಒಂದೂವರೆ ಟನ್ 5 ಸ್ಟಾರ್ ಇನ್ವರ್ಟರ್ ತೆಗೆದುಕೊಳ್ಳಿ, ಫಿಟ್ಟಿಂಗ್, ಪೈಪ್, ಸ್ಟ್ಯಾಂಡ್, ಸ್ಟೆಬಿಲೈಜರ್ ಸೇರಿ 56 ಸಾವಿರ ಅನ್ನುತ್ತಾರೆ.

ನಮಗೆ ಏಸಿ ಬೇಕಾಗುವುದು ಫೆಬ್ರವರಿ ಕೊನೆಯಿಂದ ಮೇ ತನಕ ಮಾತ್ರ, ಅದೂ ರಾತ್ರಿ ನಾಲ್ಕೈದು ಗಂಟೆ. ಆದರೆ ಆ ಮೂರು ತಿಂಗಳು ಬೇಕೇ ಬೇಕು. ಅಪ್ಪನಿಗೆ ಬೈಪಾಸ್ ಆಗಿದೆ, ಸೆಕೆಗೆ ರಾತ್ರಿಯೆಲ್ಲಾ ಎದ್ದು ಕೂರುತ್ತಾರೆ. ದುಡ್ಡು ಖರ್ಚು ಮಾಡಲು ತಯಾರಿದ್ದೇನೆ, ಆದರೆ ಸುಮ್ನೆ ಹಾಳು ಮಾಡಲು ಆಗುವುದಿಲ್ಲ.

ಗಾಳಿಬೀಡು ತೋಟ

ಕೊಡಗಿನಲ್ಲಿ ಏಸಿ ಯಾಕೆ ಸಾರ್? ನಮ್ಮಲ್ಲಿ ಏಪ್ರಿಲ್‌ನಲ್ಲೂ ರಾತ್ರಿ ಕಂಬಳಿ ಬೇಕು. ಒಳ್ಳೆ ಸೀಲಿಂಗ್ ಫ್ಯಾನ್ ಹಾಕಿ, ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿ, ಸಾಕು.

ಕುಶಾಲನಗರದ ಮನೆ

ಸಾರ್, ನೀವು ಇರುವುದು ಮಡಿಕೇರಿ ಕಡೆ, ಎತ್ತರದಲ್ಲಿ. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ಕೆಳಗೆ, ಇಲ್ಲಿಂದ ಆಚೆ ಬೈಲುಸೀಮೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಸರಿಯಾಗಿ ಬಿದ್ದ ವರ್ಷ ಪರವಾಗಿಲ್ಲ, ತಡವಾದರೆ ಮಾರ್ಚಿಯಲ್ಲಿ ಈ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಫ್ಯಾನ್ ಆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ.

ಫ್ರಿಜ್ ಮೆಕ್ಯಾನಿಕ್

ನಾನು ಗೋಣಿಕೊಪ್ಪ ಕಡೆ ಇದೇ ಕೆಲಸ ಮಾಡುವವನು. ಮೊದಲು ಒಂದು ಮಾತು: ಏಸಿಯಲ್ಲಿ ಗ್ಯಾಸ್ ಪೆಟ್ರೋಲ್ ತರಹ ಖರ್ಚಾಗುವುದಿಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ವರ್ಷ ವರ್ಷ ಗ್ಯಾಸ್ ತುಂಬಿಸುವುದು ನಿಮ್ಮ ದುಡ್ಡು ಗಾಳಿಗೆ ಬಿಟ್ಟ ಹಾಗೆ.

ನಿಮ್ಮದು 2012ರ ಏಸಿ ಆದರೆ ಹೆಚ್ಚು ಕಡಿಮೆ ಆರ್-22 ಗ್ಯಾಸ್ ಇರುತ್ತದೆ, ಹೊರಗಿನ ಯೂನಿಟ್ಟಿನ ಸ್ಟಿಕ್ಕರಿನಲ್ಲಿ ಬರೆದಿರುತ್ತಾರೆ, ನೋಡಿ. ಇದು ಓಝೋನ್ ಪದರಕ್ಕೆ ಪೆಟ್ಟು ಕೊಡುವ ಗ್ಯಾಸ್, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಿಲ್ಲಿಸುತ್ತಾ ಬರುತ್ತಿದ್ದಾರೆ. ಹೊಸ ಏಸಿಗಳಲ್ಲಿ ಈಗ ಜಾಸ್ತಿ ಆರ್-32, ಕೆಲವದರಲ್ಲಿ ಆರ್-290. ಹಳೇ ಮೆಷೀನಿಗೆ ಆರ್-32 ತುಂಬಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರ ಪ್ರೆಶರ್ ಬೇರೆ, ಆಯಿಲ್ ಬೇರೆ, ಬೆಂಕಿ ಹಿಡಿಯುವ ಗುಣವೂ ಸ್ವಲ್ಪ ಇದೆ.

ಇಷ್ಟು ಹಳೆಯದಕ್ಕೆ ನನ್ನ ಲೆಕ್ಕ ಹೀಗೆ. ಕೆಪಾಸಿಟರ್, ಫ್ಯಾನ್ ಮೋಟರ್, ರಿಮೋಟ್ ಸೆನ್ಸರ್ ಹೋಗಿದ್ದರೆ ರಿಪೇರಿ ಮಾಡಿಸಿ, ಸಾವಿರ, ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ. ಪೈಪಿನ ಜಾಯಿಂಟಿನಲ್ಲಿ ಲೀಕ್ ಇದ್ದರೂ ಬೆಸುಗೆ ಹಾಕಿಸಿ ಓಡಿಸಬಹುದು. ಕಾಯಿಲ್ ತೂತು ಅಥವಾ ಕಂಪ್ರೆಸರ್ ಹೋದರೆ ಬೇಡ. ಕಾಯಿಲ್ ಇವತ್ತು ಬದಲಿಸುತ್ತೀರಿ, ಕಂಪ್ರೆಸರ್ ಅದೇ 2012ರದು. ನಾಳೆ ಅದು ನಿಂತರೆ ಈ 14 ಸಾವಿರವೂ ಹೋಯಿತು. ನನಗೆ ರಿಪೇರಿಯಲ್ಲೇ ಕೂಲಿ ಸಿಗುವುದು, ಆದರೂ ನಿಮಗೆ ಹೊಸದು ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ.

ವಿರಾಜಪೇಟೆ ಟೀಚರ್

ಮೆಕ್ಯಾನಿಕ್ ಅಣ್ಣ ಹೇಳಿದ್ದು ಸರಿ, ಹೊಸದೇ ತೆಗೆದುಕೊಳ್ಳಿ. ಆದರೆ ಅಂಗಡಿಯವರು ಹೇಳಿದ್ದನ್ನು ತೆಗೆದುಕೊಳ್ಳಬೇಡಿ, ಲೆಕ್ಕ ಹಾಕಿ ನೋಡಿ.

ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಕರೆಂಟ್ ಅಂತ ಬರೆದಿರುತ್ತದೆ, ಅಲ್ವಾ? ಅದು ವರ್ಷಕ್ಕೆ 1600 ಗಂಟೆ ಓಡಿಸುತ್ತೀರಿ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ. ಒಂದೂವರೆ ಟನ್ನಿಗೆ 3 ಸ್ಟಾರ್ ಸುಮಾರು 1000 ಯೂನಿಟ್, 5 ಸ್ಟಾರ್ ಸುಮಾರು 780 ಅಂತ ಇಟ್ಟುಕೊಳ್ಳಿ. 220 ಯೂನಿಟ್ ಉಳಿತಾಯ. ಬಳ್ಳಾರಿ, ರಾಯಚೂರಿನವರಿಗೆ ಅದು ಸರಿ, ಅವರು ಅಷ್ಟು ಓಡಿಸುತ್ತಾರೆ. ನೀವು ಹೇಳಿದ ಪ್ರಕಾರ ನಿಮ್ಮದು 400 ಗಂಟೆ ಆದೀತು, ಅಂದರೆ ಕಾಲು ಭಾಗ. ಉಳಿಯುವುದು 55 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 330 ರೂಪಾಯಿ. ಇದಕ್ಕೋಸ್ಕರ 5 ಸ್ಟಾರಿಗೆ ಎಂಟು ಹತ್ತು ಸಾವಿರ ಜಾಸ್ತಿ ಕೊಟ್ಟರೆ ಆ ದುಡ್ಡು ವಾಪಸ್ ಬರಲು 25 ವರ್ಷ ಬೇಕು, ಏಸಿ ಅಷ್ಟು ದಿನ ಬಾಳುವುದೇ ಇಲ್ಲ. ನಮ್ಮ ಕಡೆಗೆ 3 ಸ್ಟಾರ್ ಇನ್ವರ್ಟರ್ ಧಾರಾಳ ಸಾಕು.

ಇನ್ನೊಂದು, 10 ಅಡಿಗೆ 12 ಅಡಿ ರೂಮಿಗೆ ಒಂದೂವರೆ ಟನ್ ಯಾಕೆ ಬೇಕು? ಒಂದು ಟನ್ ಸಾಕು. ದೊಡ್ಡದು ಹಾಕಿದರೆ ರೂಮು ಬೇಗ ತಣ್ಣಗಾಗಿ ಮೆಷೀನ್ ನಿಂತುಬಿಡುತ್ತದೆ, ಗಾಳಿಯ ತೇವ ಎಳೆಯಲು ಸಮಯ ಸಿಗುವುದಿಲ್ಲ. ಮೇ ತಿಂಗಳಲ್ಲಿ ಮಳೆ ಶುರುವಾದ ಮೇಲೆ ತಣ್ಣಗಿದ್ದರೂ ಹಸಿ ಹಸಿ ಅನ್ನಿಸುವುದು ಅದಕ್ಕೇ.

ಗೃಹಜ್ಯೋತಿ ಇದೆಯಾ ನಿಮಗೆ? ಇದ್ದರೆ ಇದನ್ನು ಗಮನ ಇಟ್ಟು ಓದಿ. ತಿಂಗಳಿಗೆ 200 ಯೂನಿಟ್ ಒಳಗಿದ್ದರೆ ನಿಮಗೆ ಉಚಿತ ಅಂತ ಗೊತ್ತುಮಾಡಿದ ಯೂನಿಟ್‌ಗಿಂತ ಜಾಸ್ತಿ ಆದಷ್ಟಕ್ಕೆ ಮಾತ್ರ ಕಟ್ಟುತ್ತೀರಿ. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮ ತಲೆ ಮೇಲೆ. ಮನೆಯ ಮಾಮೂಲಿ ಬಳಕೆ 90 ಯೂನಿಟ್ ಅಂದುಕೊಳ್ಳಿ. ಹಳೇ ಏಸಿ ಗಂಟೆಗೆ ಒಂದು ಕಾಲು ಯೂನಿಟ್ ಎಳೆದರೂ ದಿನಕ್ಕೆ 5 ಗಂಟೆಯಂತೆ ಏಪ್ರಿಲ್‌ನಲ್ಲಿ 180ರ ಮೇಲೆ, ಒಟ್ಟು 270 ದಾಟಿತು. ಒಂದು ಟನ್ ಇನ್ವರ್ಟರ್ ಗಂಟೆಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಮೇಲೆ ಎಳೆದರೂ 90 ಆಸುಪಾಸು, ಒಟ್ಟು 180. ನೀವು 200ರ ಒಳಗೇ ಉಳಿಯುತ್ತೀರಿ. ನನ್ನ ಪ್ರಕಾರ ನಿಜವಾದ ಉಳಿತಾಯ ಇಲ್ಲಿದೆ, ಸ್ಟಾರಿನಲ್ಲಿ ಅಲ್ಲ.

ಬಿಲ್ಲಿನಲ್ಲಿ ಜಿಎಸ್‌ಟಿಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಏಸಿ ಮೇಲಿನ ತೆರಿಗೆ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. 40 ಸಾವಿರದ ಏಸಿಗೆ ಸುಮಾರು 3 ಸಾವಿರ ಕಡಿಮೆ ಆಗಬೇಕು. ಹಳೇ ಸ್ಟಾಕ್, ಹಳೇ ರೇಟ್ ಅಂದರೆ ಒಪ್ಪಬೇಡಿ.

ಸುಂಟಿಕೊಪ್ಪ

ಟೀಚರ್ ಲೆಕ್ಕ ಚೆನ್ನಾಗಿದೆ. ನಾನು ಒಂದು ಬೇರೆ ವಿಷಯ ಕೇಳುತ್ತೇನೆ, ಆ ರೂಮಿನ ಆರ್‌ಸಿಸಿ ಮೇಲೆ ಶೀಟ್ ಹಾಕಿಸಿದ್ದೀರಾ? ನಮ್ಮಲ್ಲಿ ಎಲ್ಲರೂ ಮಳೆಗೋಸ್ಕರ, ಸೋರುವುದಕ್ಕೆ ಅಂತ ಹಾಕಿಸುತ್ತಾರೆ. ಬೇಸಿಗೆಯಲ್ಲೂ ಅದು ಬಹಳ ಉಪಕಾರ. ಬಿಸಿಲು ಶೀಟಿಗೆ ಬೀಳುತ್ತದೆ, ನಡುವೆ ಗಾಳಿ ಆಡುತ್ತದೆ, ಸ್ಲ್ಯಾಬ್ ಅಷ್ಟು ಕಾಯುವುದಿಲ್ಲ. ಶೀಟ್ ಇಲ್ಲದಿದ್ದರೆ ಕಡೇ ಪಕ್ಷ ತಾರಸಿಗೆ ಬಿಳಿ ಕೂಲಿಂಗ್ ಪೇಂಟ್ ಹೊಡೆಸಿ. ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ ಅಂದಿರಲ್ಲಾ, ಹಗಲೆಲ್ಲಾ ಸಿಮೆಂಟು ಹೀರಿಕೊಂಡ ಬಿಸಿ ಅದು. ಅದನ್ನು ಕಡಿಮೆ ಮಾಡದೆ ಎಷ್ಟು ದೊಡ್ಡ ಏಸಿ ಹಾಕಿದರೂ ಪಾಪ ಅದು ರಾತ್ರಿಯೆಲ್ಲಾ ಒದ್ದಾಡುತ್ತದೆ.

ಹೊರಗಿನ ಯೂನಿಟ್ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ನೆಲದ ಮೇಲೆ ಮಾತ್ರ ಬೇಡ. 2018, 2019ರಲ್ಲಿ ಕಾವೇರಿ ನೀರು ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದು ನೀವೇ ನೋಡಿದ್ದೀರಿ. ಮೇಲೆ ಗೋಡೆಗೆ ಸ್ಟ್ಯಾಂಡ್ ಹೊಡೆಸಿ, ಸರ್ವಿಸ್ ಮಾಡುವವನಿಗೆ ಕೈಗೆ ಎಟುಕುವ ಜಾಗದಲ್ಲಿ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲು ಶುರುವಾದರೆ ಏಸಿಯ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಆಫ್ ಮಾಡಿಬಿಡಿ. ಇನ್ವರ್ಟರ್ ಏಸಿಯನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ (ಪಿಸಿಬಿ) ಹೋದರೆ ಅದೊಂದಕ್ಕೇ ಸಾವಿರಗಟ್ಟಲೆ ಆಗುತ್ತದೆ.

ಕುಶಾಲನಗರದ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟಿಕ್ಕರ್ ನೋಡಿದೆ, ಆರ್-22 ಅಂತಲೇ ಇದೆ. ಶೀಟ್ ಹಾಕಿಸಿಲ್ಲ. ಗೃಹಜ್ಯೋತಿ ಇದೆ, ಹೋದ ಏಪ್ರಿಲ್ ಬಿಲ್ ತೆಗೆದು ನೋಡಿದರೆ 200 ದಾಟಿದೆ, ಟೀಚರ್ ಹೇಳಿದ ಹಾಗೇ ಇಡೀ ಬಿಲ್ ಬಂದಿದೆ. ಹಾಗಾಗಿ ಒಂದು ಟನ್ 3 ಸ್ಟಾರ್ ಇನ್ವರ್ಟರ್ ನೋಡುತ್ತೇನೆ, ಉಳಿದ ದುಡ್ಡಿನಲ್ಲಿ ತಾರಸಿಗೆ ಪೇಂಟ್ ಹೊಡೆಸುತ್ತೇನೆ.

ಮೆಕ್ಯಾನಿಕ್ ಅಣ್ಣನಿಗೆ ಇನ್ನು ಎರಡು ಪ್ರಶ್ನೆ. ಗೋಡೆಯೊಳಗೆ ಇರುವ ಹಳೇ ತಾಮ್ರದ ಪೈಪನ್ನೇ ಬಳಸಬಹುದಾ? ಸ್ಟೆಬಿಲೈಜರ್ ಬೇಕೇ ಬೇಕಾ? ಬಾಕ್ಸ್ ಮೇಲೆ ಬೇಡ ಅಂತ ಬರೆದಿರುತ್ತಾರಲ್ಲಾ?

ಫ್ರಿಜ್ ಮೆಕ್ಯಾನಿಕ್

ಹಳೇ ಪೈಪ್ ಬೇಡ. ಆರ್-22 ಜೊತೆ ಓಡುವ ಆಯಿಲ್ ಪೈಪಿನ ಒಳಗೆ ಅಂಟಿಕೊಂಡಿರುತ್ತದೆ, ಅದು ಹೊಸ ಗ್ಯಾಸಿನ ಆಯಿಲ್ ಜೊತೆ ಹೊಂದುವುದಿಲ್ಲ. ಆರ್-32ರ ಪ್ರೆಶರ್ ಕೂಡ ಬಹಳ ಜಾಸ್ತಿ. ಸಾಮಾನ್ಯವಾಗಿ 3 ಮೀಟರ್ ಪೈಪ್ ಬಾಕ್ಸಿನಲ್ಲೇ ಬರುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಮೀಟರ್ ಲೆಕ್ಕ. ಆ ರೇಟ್ ಮೊದಲೇ ಬರೆಸಿಕೊಳ್ಳಿ, ಬಿಲ್ ಉಬ್ಬುವುದು ಅಲ್ಲೇ. ಗೋಡೆಯೊಳಗಿನದನ್ನು ಹಾಗೇ ಬಿಟ್ಟು, ಹೊಸ ಪೈಪನ್ನು ಹೊರಗಿನಿಂದ ಹತ್ತಿರದ ದಾರಿಯಲ್ಲಿ ಎಳೆಸಿ.

ಸ್ಟೆಬಿಲೈಜರ್ ಬಗ್ಗೆ: ಕಂಪನಿಯವರು ಎಷ್ಟರಿಂದ ಎಷ್ಟು ವೋಲ್ಟೇಜ್ ತನಕ ಬೇಡ ಅಂತ ಬಾಕ್ಸ್ ಮೇಲೆ ಬರೆದಿರುತ್ತಾರೆ. ನಿಮ್ಮ ಮನೆಯಲ್ಲಿ ಸಾಯಂಕಾಲ ಏಳರಿಂದ ಹತ್ತರ ನಡುವೆ ವೋಲ್ಟೇಜ್ ಎಷ್ಟು ಬರುತ್ತದೆ ಅಂತ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಅದರೊಳಗೇ ಇದ್ದರೆ ಬೇಡ. ಕೆಳಗೆ ಬೀಳುತ್ತಿದ್ದರೆ, ಅಥವಾ ಮರದ ಕೊಂಬೆ ಲೈನಿಗೆ ತಾಗಿ ಕರೆಂಟ್ ಹೋಗಿ ಬಂದು ಮಾಡುವ ಏರಿಯಾ ಆದರೆ ಹಾಕಿಸಿ. ಇದಕ್ಕಿಂತ ಮೊದಲು ಅರ್ತಿಂಗ್ ಸರಿ ಇದೆಯಾ ನೋಡಿಸಿ, ಏಸಿಗೆ ಬೇರೆ ಲೈನ್, ಬೇರೆ ಎಂಸಿಬಿ ಇರಲಿ.

ತೆಗೆದುಕೊಳ್ಳುವಾಗ ಕಾಯಿಲ್ ತಾಮ್ರದ್ದಾ ಅಂತ ಕೇಳಿ, ಮುಂದೆ ಲೀಕ್ ಆದರೆ ಇಲ್ಲೇ ಬೆಸುಗೆ ಹಾಕಬಹುದು. ಕಂಪ್ರೆಸರಿಗೆ 10 ವರ್ಷ ವಾರಂಟಿ ಅಂತ ದೊಡ್ಡದಾಗಿ ಹಾಕಿರುತ್ತಾರೆ, ಪಿಸಿಬಿಗೆ ಎಷ್ಟು ವರ್ಷ, ಗ್ಯಾಸ್ ಮತ್ತು ಕೂಲಿ ಅದರಲ್ಲಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಸರ್ವಿಸ್‌ನವರು ಕುಶಾಲನಗರದಲ್ಲೇ ಇದ್ದಾರಾ ಅಥವಾ ಮೈಸೂರಿನಿಂದ ಬರಬೇಕಾ ಅಂತಲೂ ಕೇಳಿ. ಫಿಟ್ಟಿಂಗ್ ದಿನ ನೀವೇ ಪಕ್ಕದಲ್ಲಿ ನಿಂತು, ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಾಕಿಸಿ. ಅವಸರದಲ್ಲಿ ಅದನ್ನು ಬಿಟ್ಟು ಗ್ಯಾಸ್ ಬಿಟ್ಟುಬಿಡುತ್ತಾರೆ, ಪೈಪಿನೊಳಗೆ ತೇವ ಉಳಿದರೆ ಕಂಪ್ರೆಸರ್ ಬೇಗ ಹೋಗುತ್ತದೆ. ಹಳೇ ಮೆಷೀನನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಗುಜರಿಯವರ ಹತ್ತಿರವೂ ಒಮ್ಮೆ ರೇಟ್ ಕೇಳಿ, ಅದರಲ್ಲಿ ತಾಮ್ರ ಇದೆ.