ಸಹಾಯ ಬೇಕು: ಫುಟ್‌ಬಾಲ್ ಆಡೋ ಮಗನ ಕೃತಕ ಕಾಲಿಗೆ ಹೊಸ ಸಾಕೆಟ್

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗಗ 15 ವರ್ಷ. ಅಪಘಾತದಾಗ ಎಡಗಾಲು ಮೊಣಕಾಲಿನ ಕೆಳಗ ಹೋತು. ಕೃತಕ ಕಾಲು ಹಾಕ್ಕೊಂಡು ಶಾಲೆ ತಂಡದಾಗ ಡಿಫೆಂಡರ್ ಆಡ್ತಾನ್ರಿ, ಎರಡೂ ಕಾಲಿರೋ ಹುಡುಗರ ಜೋಡಿನ. ಮೊನ್ನೆ ಹುಬ್ಬಳ್ಳಿ ನೆಹರೂ ಮೈದಾನದಾಗ ಬಿದ್ದಾಂವ ತಾನ ಎದ್ದು, ಓಡಿಹೋಗಿ ಚೆಂಡು ಕಸ್ಕೊಂಡ. ನನಗ ಎದಿ ತುಂಬಿ ಬಂತು, ನಿಂತಲ್ಲೇ ಅತ್ತುಬಿಟ್ಟೆ.

ಬೆಳೆಯೋ ವಯಸ್ಸು ನೋಡ್ರಿ, ಸಾಕೆಟ್ (ಕೃತಕ ಕಾಲಿನಾಗ ಉಳಿದ ಕಾಲು ಕೂಡೋ ಬಟ್ಟಲಿನಂಥ ಭಾಗ) ಬಿಗಿಯಾಗಿ ಚರ್ಮ ಸುಲೀತೈತಿ. ಎರಡು ವಾರದಾಗ ಮ್ಯಾಚ್ ಐತಿ. ಹುಬ್ಬಳ್ಳಿ-ಧಾರವಾಡದಾಗ ಅಳತಿ ತಗೊಂಡು ಆಟಕ್ಕ ಒಪ್ಪೋ ಸಾಕೆಟ್, ಅದರೊಳಗ ಕಾಲಿಗೆ ಹಾಕ್ಕೊಳ್ಳೋ ಮೆತ್ತನ ಸಿಲಿಕೋನ್ ಲೈನರ್ ಮಾಡಿಕೊಡೋರು ಯಾರರ ಗೊತ್ತೇನ್ರಿ? ಖರ್ಚೂ ಅಂದಾಜು ಹೇಳ್ರಿ.

ಕೃತಕ ಕಾಲು ತೆಗೆದಿಟ್ಟು, ಊರುಗೋಲಿನ ಮ್ಯಾಲ ಆಡೋ, ತಂಡಕ್ಕ ಗೋಲ್‌ಕೀಪರ್ ಸೇರಿ ಏಳು ಮಂದಿ ಇರೋ ಫುಟ್‌ಬಾಲ್ ಬ್ಯಾರೆ ಐತಿ. ಅದನ್ನ ಕಲಿಸೋರಿದ್ರೂ ತಿಳಸ್ರಿ. ಶಾಲೆ ತಂಡ ಮಾತ್ರ ಬಿಡಂಗಿಲ್ಲ ಅಂತಾನ ನನ್ನ ಮಗ.